ಕೀಲಿನ ಬಟ್ಟಲು ಸವೆದಾಗ: ಸೊಂಟದ ಕೀಲು ಬದಲಿ ಚಿಕಿತ್ಸೆಯಲ್ಲಿ ಮೂಳೆ ಕಸಿ

ಸೊಂಟದ ಕೀಲು ಬದಲಿ ಶಸ್ತ್ರಚಿಕಿತ್ಸೆ ಒಂದು ಕಾಲದಲ್ಲಿ ಮಹಾನಗರಗಳಿಗೆ ಮಾತ್ರ ಸೀಮಿತವಾಗಿತ್ತು. ಇಂದು ಅದು ನಮ್ಮ ಜಿಲ್ಲಾ ಕೇಂದ್ರಗಳಲ್ಲಿಯೂ ನಡೆಯುತ್ತಿದೆ. ಕೋಲು ಹಿಡಿದು ನೋವಿನಿಂದ ನರಳುತ್ತಿದ್ದ ಅನೇಕರು ಈ ಚಿಕಿತ್ಸೆಯಿಂದ ಮತ್ತೆ ನಡೆದಾಡುವಂತಾಗಿದ್ದಾರೆ. ಆದರೆ ಹತ್ತು ಹದಿನೈದು ವರ್ಷಗಳ ಹಿಂದೆ ಕೀಲು ಬದಲಿಸಿಕೊಂಡ ಕೆಲವರಿಗೆ ಈಗ ವೈದ್ಯರು ಬೇರೊಂದು ಮಾತು ಹೇಳುತ್ತಿದ್ದಾರೆ: "ಕೃತಕ ಬಟ್ಟಲು ಸಡಿಲವಾಗಿದೆ, ಅದರ ಹಿಂದಿನ ಮೂಳೆ ಕರಗಿದೆ, ಮೂಳೆ ಕಸಿ ಮಾಡಬೇಕಾಗುತ್ತದೆ." ಈ ಮಾತು ಕಿವಿಗೆ ಬಿದ್ದೊಡನೆ ಮನೆಮಂದಿಗೆಲ್ಲ ಆತಂಕ. ಮೂಳೆ ಕರಗಿತೇಕೆ? ಕಸಿ ಮಾಡುವ ಮೂಳೆ ಯಾರದು? ಅದು ಮೈಗೆ ಹೊಂದೀತೇ? ಮತ್ತೆ ನಡೆಯಲಾದೀತೇ?

ಈ ಪ್ರಶ್ನೆಗಳಿಗೆ ಉತ್ತರವನ್ನು ಈ ಸಂಚಿಕೆಯಲ್ಲಿ ಕ್ರಮವಾಗಿ ತಿಳಿದುಕೊಳ್ಳೋಣ. ಲೇಖನದುದ್ದಕ್ಕೂ ಎರಡು ಸಂಗತಿಗಳನ್ನು ನಾವು ನೆನಪಿನಲ್ಲಿಡಬೇಕು. ಮೊದಲನೆಯದು, ಬಟ್ಟಲಿನ ಮೂಳೆ ಸದ್ದಿಲ್ಲದೆ ಕರಗುತ್ತದೆ. ನೋವು ಬರುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಎರಡನೆಯದು, ಕಸಿ ಮಾಡಿದ ಮೂಳೆ ಗೋಡೆಯ ಬಿರುಕಿಗೆ ತುಂಬಿದ ಗಾರೆಯಂತಲ್ಲ. ಅದು ರೋಗಿಯ ದೇಹವೇ ನಿಧಾನವಾಗಿ ಜೀವ ತುಂಬಬೇಕಾದ ಹಂದರ. ಆದ್ದರಿಂದ ಇದರ ಯಶಸ್ಸು ವೈದ್ಯರ ಕೈಯಲ್ಲಿ ಎಷ್ಟಿದೆಯೋ ರೋಗಿಯ ಸಂಯಮದಲ್ಲಿಯೂ ಅಷ್ಟೇ ಇದೆ.

ಒರಳು ಮತ್ತು ಗುಂಡು

ಸೊಂಟದ ಕೀಲಿನ ರಚನೆಯನ್ನು ಅರಿಯಲು ನಮ್ಮ ಅಡುಗೆಮನೆಯ ಒರಳುಕಲ್ಲನ್ನು ನೆನೆಸಿಕೊಂಡರೆ ಸಾಕು. ತೊಡೆಮೂಳೆಯ ಮೇಲ್ತುದಿ ಗುಂಡಾಗಿದೆ. ಆ ಗುಂಡು ಕಟಿಮೂಳೆಯ ಬದಿಯಲ್ಲಿರುವ ಬಟ್ಟಲಿನಾಕಾರದ ಗುಳಿಯೊಳಗೆ ಕುಳಿತು ಎಲ್ಲ ದಿಕ್ಕಿಗೂ ಹೊರಳುತ್ತದೆ. ಈ ಬಟ್ಟಲಿಗೆ ವೈದ್ಯಶಾಸ್ತ್ರದಲ್ಲಿ ಅಸೆಟಾಬುಲಂ ಎಂದು ಹೆಸರು. ಪ್ರಾಚೀನ ರೋಮನ್ನರು ಊಟದ ಪಂಕ್ತಿಯಲ್ಲಿ ವಿನೆಗರ್ ಇಡುತ್ತಿದ್ದ ಪುಟ್ಟ ಬಟ್ಟಲಿನ ಹೆಸರು ಅದು. ಇಲಿಯಂ, ಇಸ್ಕಿಯಂ, ಪ್ಯೂಬಿಸ್ ಎಂಬ ಮೂರು ಮೂಳೆಗಳು ಬಾಲ್ಯದಲ್ಲಿ ಬೇರೆ ಬೇರೆಯಾಗಿದ್ದು, ಹರೆಯದಲ್ಲಿ ಒಂದಾಗಿ ಬೆಸೆದು ಈ ಬಟ್ಟಲನ್ನು ಪೂರ್ಣಗೊಳಿಸುತ್ತವೆ.

ಸಮತಟ್ಟಾದ ನೆಲದ ಮೇಲೆ ಸಾಧಾರಣವಾಗಿ ನಡೆಯುವಾಗಲೂ ಈ ಕೀಲಿನ ಮೇಲೆ ದೇಹದ ತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. ಅರವತ್ತು ಕಿಲೋ ತೂಕದವರು ಹೆಜ್ಜೆ ಇಟ್ಟಾಗ ಬಟ್ಟಲು ಹೊರುವುದು ಸುಮಾರು ೧೫೦ರಿಂದ ೧೮೦ ಕಿಲೋ ಭಾರವನ್ನು. ಎಡವಿದಾಗ ಅದು ಇನ್ನೂ ಹೆಚ್ಚು. ಇಷ್ಟು ಭಾರ ಹೊರುವ ಬಟ್ಟಲಿಗೆ ಗಟ್ಟಿಯಾದ ಚಾವಣಿ, ಮುಂದಿನ ಹಾಗೂ ಹಿಂದಿನ ಗೋಡೆಗಳು, ಒಳಗಡೆ ತಳ ಎಲ್ಲವೂ ಬೇಕು. ಕೃತಕ ಬಟ್ಟಲನ್ನು ಕೂರಿಸುವಾಗಲೂ ಈ ಆಧಾರಗಳೇ ಬೇಕು. ಒರಳೇ ಒಡೆದಿದ್ದರೆ ಗುಂಡು ಎಷ್ಟು ನುಣುಪಾಗಿದ್ದರೂ ಪ್ರಯೋಜನವಿಲ್ಲ.

ಮೂಳೆ ಏಕೆ ಕರಗುತ್ತದೆ?

ಆಧುನಿಕ ಸೊಂಟದ ಕೀಲು ಬದಲಿ ಚಿಕಿತ್ಸೆಗೆ ಗಟ್ಟಿ ತಳಹದಿ ಹಾಕಿದವರು ಇಂಗ್ಲೆಂಡಿನ ಸರ್ ಜಾನ್ ಚಾರ್ನ್ಲಿ. ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಅವರು ಮೊದಲು ಟೆಫ್ಲಾನ್ ಬಟ್ಟಲುಗಳನ್ನು ಬಳಸಿದರು. ಅವು ಕೆಲವೇ ವರ್ಷಗಳಲ್ಲಿ ಸವೆದುಹೋದವು. ೧೯೬೨ರಲ್ಲಿ ಅವರು ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಉಕ್ಕಿನ ಸಣ್ಣ ಗುಂಡು ಮತ್ತು ಮೂಳೆ ಸಿಮೆಂಟು ಈ ಮೂರನ್ನು ಕೂಡಿಸಿದರು. ಆ ಜೋಡಣೆಯೇ ಮುಂದೆ ಜಗತ್ತಿನಾದ್ಯಂತ ಹರಡಿತು.

ಪಾಲಿಎಥಿಲೀನ್ ಟೆಫ್ಲಾನಿಗಿಂತ ಬಹುಪಾಲು ಗಟ್ಟಿಯಾದರೂ ಸವೆತ ಅದಕ್ಕೂ ತಪ್ಪಿದ್ದಲ್ಲ. ಪ್ರತಿ ಹೆಜ್ಜೆಗೂ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಕಣಗಳು ಅದರಿಂದ ಉದುರುತ್ತವೆ. ದೇಹದ ರಕ್ಷಣಾ ಕೋಶಗಳು ಈ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಆಗ ಅವು ಸ್ರವಿಸುವ ರಾಸಾಯನಿಕಗಳು ಮೂಳೆಯನ್ನು ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಫಲವಾಗಿ ಬಟ್ಟಲಿನ ಹಿಂದೆ ಮೂಳೆ ಗೆದ್ದಲು ತಿಂದ ಮರದಂತೆ ಒಳಗೊಳಗೇ ಟೊಳ್ಳಾಗುತ್ತದೆ. ಮೇಲುನೋಟಕ್ಕೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ರೋಗಿ ನಡೆಯುತ್ತಾರೆ, ಹೊಲಕ್ಕೆ ಹೋಗುತ್ತಾರೆ, ಜಾತ್ರೆಗೆ ಬರುತ್ತಾರೆ. ಬಟ್ಟಲು ಪೂರ್ತಿ ಸಡಿಲಗೊಂಡು ಅಲುಗಾಡತೊಡಗಿದ ಮೇಲೆಯೇ ನೋವು ಕಾಣಿಸಿಕೊಳ್ಳುವುದು. ತೊಂಬತ್ತರ ದಶಕದ ಕೊನೆಯಿಂದ ಬಳಕೆಗೆ ಬಂದಿರುವ ಸುಧಾರಿತ ಪಾಲಿಎಥಿಲೀನ್ ಬಹಳ ಕಡಿಮೆ ಸವೆಯುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೂ ಹಳೆಯ ಬಗೆಯ ಬಟ್ಟಲು ಹೊತ್ತಿರುವವರು ಇನ್ನೂ ಅನೇಕರಿದ್ದಾರೆ.

ಸವೆತವೊಂದೇ ಕಾರಣವಲ್ಲ. ಮೊದಲ ಶಸ್ತ್ರಚಿಕಿತ್ಸೆಯ ವೇಳೆಗೇ ಬಟ್ಟಲು ಹಾಳಾಗಿರುವುದೂ ಉಂಟು. ಸಂಧಿವಾತದಲ್ಲಿ ಬಟ್ಟಲಿನ ತಳ ತೆಳುವಾಗಿ, ಗುಂಡು ಒಳಕ್ಕೆ ಕುಸಿಯಬಹುದು. ಹುಟ್ಟಿನಿಂದಲೇ ಬಟ್ಟಲು ಆಳವಿಲ್ಲದೆ ಬೆಳೆದಿರಬಹುದು. ರಸ್ತೆ ಅಪಘಾತದಲ್ಲಿ ಮುರಿದ ಬಟ್ಟಲು ಸರಿಯಾಗಿ ಕೂಡದೆ ಅಂಚು ಕಳೆದುಕೊಂಡಿರಬಹುದು. ಕ್ಷಯ ಅಥವಾ ಬೇರೆ ಸೋಂಕು ಕೀಲನ್ನು ತಿಂದಿರಬಹುದು. ಕಾರಣ ಯಾವುದೇ ಇರಲಿ, ವೈದ್ಯರ ಮುಂದಿರುವ ಪ್ರಶ್ನೆ ಒಂದೇ: ಹೊಸ ಬಟ್ಟಲನ್ನು ಯಾವುದರ ಮೇಲೆ ಕೂರಿಸುವುದು?

ಗುಳಿಯೇ, ಒಡೆದ ಅಂಚೇ?

ಮೂಳೆಯ ನಷ್ಟದಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು, ಅಂಚು ಮತ್ತು ಗೋಡೆಗಳು ಉಳಿದಿದ್ದು ಒಳಗಡೆ ಮಾತ್ರ ಗುಳಿ ಬಿದ್ದಿರುವುದು. ಇನ್ನೊಂದು, ಅಂಚು ಅಥವಾ ಗೋಡೆಯೇ ಒಡೆದು ಹೋಗಿರುವುದು. ಮೊದಲನೆಯದು ಆಳವಾಗಿ ಸವೆದ ಒರಳಿನಂತೆ, ಎರಡನೆಯದು ಬಾಯಿ ಮುರಿದ ಒರಳಿನಂತೆ. ಎರಡೂ ಒಟ್ಟಿಗೆ ಇರುವುದುಂಟು. ಬಹಳ ಮುಂದುವರಿದಾಗ ಕಟಿಮೂಳೆಯ ಮೇಲ್ಭಾಗ ಮತ್ತು ಕೆಳಭಾಗಗಳ ಸಂಬಂಧವೇ ಕಡಿದು ಹೋಗುತ್ತದೆ. ಇದು ಅತ್ಯಂತ ಕಠಿಣವಾದ ಸ್ಥಿತಿ.

ಅಮೆರಿಕದ ಶಸ್ತ್ರವೈದ್ಯ ವೇಯ್ನ್ ಪ್ಯಾಪ್ರೋಸ್ಕಿ ಮತ್ತು ಸಂಗಡಿಗರು ೧೯೯೪ರಲ್ಲಿ ಪ್ರಕಟಿಸಿದ ವರ್ಗೀಕರಣವನ್ನು ಇಂದು ಜಗತ್ತಿನ ಬಹುತೇಕ ವೈದ್ಯರು ಅನುಸರಿಸುತ್ತಾರೆ. ಹಳೆಯ ಬಟ್ಟಲು ಎಷ್ಟು ಮೇಲಕ್ಕೆ ಸರಿದಿದೆ, ಒಳಕ್ಕೆ ಎಷ್ಟು ಕುಸಿದಿದೆ, ಕೆಳಗಿನ ಮೂಳೆ ಎಷ್ಟು ಕರಗಿದೆ ಎಂಬುದನ್ನು ಎಕ್ಸ್‌ರೇಯಲ್ಲಿ ಅಳೆದು ಅದು ಮೂರು ಹಂತಗಳನ್ನು ಗುರುತಿಸುತ್ತದೆ. ಮೊದಲ ಹಂತದಲ್ಲಿ ನಷ್ಟ ಅತ್ಯಲ್ಪ. ಎರಡನೆಯದರಲ್ಲಿ ಬಟ್ಟಲಿನ ಆಕಾರ ಕೆಟ್ಟಿದ್ದರೂ ಆಧಾರ ಸಾಕಷ್ಟು ಉಳಿದಿರುತ್ತದೆ. ಮೂರನೆಯದರಲ್ಲಿ ಬಟ್ಟಲು ಮೂರು ಸೆಂಟಿಮೀಟರಿಗಿಂತಲೂ ಹೆಚ್ಚು ಮೇಲಕ್ಕೆ ಸರಿದು, ನಿಲ್ಲಲು ನೆಲೆಯೇ ಇಲ್ಲದಂತಾಗಿರುತ್ತದೆ. ಮೊದಲ ಹಂತದಲ್ಲಿ ಬಂದವರ ಚಿಕಿತ್ಸೆಗೂ ಮೂರನೆಯ ಹಂತದಲ್ಲಿ ಬಂದವರ ಚಿಕಿತ್ಸೆಗೂ ಅಜಗಜಾಂತರವಿದೆ. ಈ ಅಂತರವನ್ನು ನಿರ್ಧರಿಸುವುದು ಹೆಚ್ಚಾಗಿ ರೋಗಿ ಎಷ್ಟು ಬೇಗ ತಪಾಸಣೆಗೆ ಬಂದರು ಎಂಬುದೇ.

ಕಸಿಯ ಮೂಳೆ ಎಲ್ಲಿಂದ ಬರುತ್ತದೆ?

ಎಲ್ಲಕ್ಕಿಂತ ಉತ್ತಮವಾದದ್ದು ರೋಗಿಯ ಸ್ವಂತ ಮೂಳೆ. ಅದರಲ್ಲಿ ಜೀವಂತ ಕೋಶಗಳಿರುತ್ತವೆ, ಮೂಳೆ ಬೆಳೆಯಲು ಪ್ರಚೋದಿಸುವ ಅಂಶಗಳಿರುತ್ತವೆ, ಹೊಸ ಮೂಳೆ ಹಬ್ಬಲು ಬೇಕಾದ ಹಂದರವೂ ಇರುತ್ತದೆ. ಮೊದಲ ಬಾರಿ ಕೀಲು ಬದಲಿಸುವಾಗ ತೊಡೆಮೂಳೆಯ ಗುಂಡನ್ನು ಹೇಗೂ ಕತ್ತರಿಸಿ ತೆಗೆಯುತ್ತಾರೆ. ಬಟ್ಟಲಿನಲ್ಲಿ ಕೊರತೆಯಿದ್ದರೆ ಅದೇ ಗುಂಡನ್ನು ಚೂರು ಮಾಡಿ ಬಳಸಬಹುದು. ಎರಡನೆಯ ಬಾರಿಯ ಶಸ್ತ್ರಚಿಕಿತ್ಸೆಯಲ್ಲಿ ಆ ಗುಂಡು ಇರುವುದಿಲ್ಲ. ಸೊಂಟದ ಪಕ್ಕದ ಮೂಳೆಯ ಏಣಿನಿಂದ ಸ್ವಲ್ಪ ತೆಗೆಯಬಹುದಾದರೂ ದೊಡ್ಡ ಗುಳಿಗೆ ಅದು ಸಾಲದು. ತೆಗೆದ ಜಾಗದಲ್ಲಿ ನೋವೂ ಉಳಿಯಬಹುದು.

ಹೀಗಾಗಿ ಮರು ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವುದು ದಾನಿಗಳ ಮೂಳೆಯನ್ನು. ಬೇರೊಬ್ಬರು ಮೊದಲ ಬಾರಿ ಕೀಲು ಬದಲಿಸಿಕೊಳ್ಳುವಾಗ ತೆಗೆದ ಗುಂಡನ್ನು, ಅವರ ಒಪ್ಪಿಗೆ ಪಡೆದು, ಅಂಗಾಂಶ ಬ್ಯಾಂಕಿನಲ್ಲಿ ಶೂನ್ಯಕ್ಕಿಂತ ೭೦ರಿಂದ ೮೦ ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಕಾಪಿಡುತ್ತಾರೆ. ಮರಣಾನಂತರದ ದಾನದಿಂದಲೂ ಮೂಳೆ ದೊರೆಯುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕು ೧೯೮೮ರಿಂದ ಈ ಕಾರ್ಯದಲ್ಲಿದ್ದು, ಮೂಳೆಯನ್ನು ತೊಳೆದು, ಒಣಗಿಸಿ, ಗಾಮಾ ವಿಕಿರಣದಿಂದ ಶುದ್ಧಗೊಳಿಸಿ ಆಸ್ಪತ್ರೆಗಳಿಗೆ ಒದಗಿಸುತ್ತ ಬಂದಿದೆ.

ದಾನಿಯ ಮೂಳೆಯಲ್ಲಿ ಜೀವಂತ ಕೋಶಗಳಿರುವುದಿಲ್ಲ. ಅದು ಹಂದರ ಮಾತ್ರ. ಮಲ್ಲಿಗೆಬಳ್ಳಿ ಹಬ್ಬಲು ನಾವು ಕಟ್ಟಿಕೊಡುವ ಚಪ್ಪರದಂತೆ. ಬಳ್ಳಿ ಹಬ್ಬಬೇಕಾದದ್ದು ರೋಗಿಯ ಬೇರಿನಿಂದಲೇ.

ದೊಡ್ಡ ತುಂಡೋ, ಸಣ್ಣ ಚೂರೋ?

ಈ ಪ್ರಶ್ನೆಗೆ ಉತ್ತರ ಸಿಕ್ಕ ಬಗೆ ಬೋಧಪ್ರದವಾಗಿದೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ವಿಲಿಯಂ ಹ್ಯಾರಿಸ್ ಅವರು ಎಪ್ಪತ್ತರ ದಶಕದಲ್ಲಿ ತೊಡೆಮೂಳೆಯ ಗುಂಡನ್ನು ಇಡಿಯಾದ ತುಂಡಾಗಿಯೇ ಒಡೆದ ಅಂಚಿಗೆ ಸ್ಕ್ರೂಗಳಿಂದ ಬಿಗಿದು, ಅದರ ಆಸರೆಯಲ್ಲಿ ಕೃತಕ ಬಟ್ಟಲನ್ನು ಕೂರಿಸಿದರು. ೧೯೭೭ರಲ್ಲಿ ಇದು ಪ್ರಕಟವಾದಾಗ ಎಲ್ಲೆಡೆ ಉತ್ಸಾಹ ಮೂಡಿತು. ಮೊದಲ ಕೆಲವು ವರ್ಷಗಳ ಫಲಿತಾಂಶ ಚೆನ್ನಾಗಿಯೇ ಇತ್ತು. ಆದರೆ ಹ್ಯಾರಿಸ್ ತಂಡದವರು ತಮ್ಮ ರೋಗಿಗಳನ್ನು ಬಿಡದೆ ಪರೀಕ್ಷಿಸುತ್ತ ಹೋದರು. ಸರಾಸರಿ ಸುಮಾರು ೧೨ ವರ್ಷಗಳಾದಾಗ ಹೆಚ್ಚುಕಡಿಮೆ ಅರ್ಧದಷ್ಟು ಬಟ್ಟಲುಗಳು ಸಡಿಲಗೊಂಡಿದ್ದವು. ೧೯೯೦ರಲ್ಲಿ ಅವರೇ ಇದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ದೊಡ್ಡ ತುಂಡಿನ ಅಂಚು ಆತುಕೊಳ್ಳುತ್ತದೆ, ಆದರೆ ಒಡಲಿಗೆ ರಕ್ತನಾಳಗಳು ಸುಲಭವಾಗಿ ತಲುಪವು. ಜೀವ ತುಂಬದ ಮೂಳೆ ವರ್ಷಗಟ್ಟಲೆ ಭಾರ ಹೊತ್ತು ಕೊನೆಗೆ ಕುಸಿಯುತ್ತದೆ. ಬಟ್ಟಲಿನ ಹೆಚ್ಚು ಭಾಗ ಸ್ವಂತ ಮೂಳೆಯ ಮೇಲೆಯೇ ನಿಂತಿರುವಲ್ಲಿ ಇಂತಹ ತುಂಡು ಈಗಲೂ ಉಪಯುಕ್ತ. ಬಟ್ಟಲಿನ ಬಹುಭಾಗ ಅದನ್ನೇ ನೆಚ್ಚಿದ್ದರೆ ಅಪಾಯ.

ಇದೇ ಕಾಲದಲ್ಲಿ ನೆದರ್‌ಲೆಂಡ್ಸ್ ದೇಶದ ನೈಮೇಗನ್ ನಗರದಲ್ಲಿ ಡಾ. ಟಾಮ್ ಸ್ಲೋಫ್ ಬೇರೊಂದು ದಾರಿ ಹಿಡಿದರು. ೧೯೭೯ರಿಂದ ಅವರು ಮೂಳೆಯನ್ನು ಸಣ್ಣ ಚೂರುಗಳಾಗಿಸಿ, ಗುಳಿಯೊಳಗೆ ಪದರ ಪದರವಾಗಿ ತುಂಬಿ, ಬಲವಾಗಿ ಬಡಿದು ಗಟ್ಟಿಗೊಳಿಸಿ, ಅದರ ಮೇಲೆ ಸಿಮೆಂಟಿನಿಂದ ಬಟ್ಟಲನ್ನು ಕೂರಿಸತೊಡಗಿದರು. ೧೯೮೪ರಲ್ಲಿ ಈ ವಿಧಾನ ಪ್ರಕಟವಾಯಿತು. ಇದನ್ನು ಇಂಪ್ಯಾಕ್ಷನ್ ಬೋನ್ ಗ್ರಾಫ್ಟಿಂಗ್ ಎನ್ನುತ್ತಾರೆ. ನಾವು ಇದನ್ನು ಬಡಿದು ಕೂರಿಸುವ ಕಸಿ ಎಂದು ಕರೆಯಬಹುದು.

ಬಡಿದು ಕೂರಿಸುವ ಕಸಿ ನಡೆಯುವ ಕ್ರಮ

ಮೊದಲು ಹಳೆಯ ಬಟ್ಟಲು, ಸಿಮೆಂಟು ಮತ್ತು ಅದರ ಹಿಂದೆ ಬೆಳೆದ ಪೊರೆಯನ್ನು ಸಂಪೂರ್ಣವಾಗಿ ತೆಗೆಯುತ್ತಾರೆ. ಪೊರೆಯ ಮಾದರಿಗಳನ್ನು ಸೋಂಕಿನ ಪರೀಕ್ಷೆಗೆ ಕಳುಹಿಸುತ್ತಾರೆ. ಉಳಿದ ಮೂಳೆಯನ್ನು ಆರೋಗ್ಯಕರವಾಗಿ ರಕ್ತ ಜಿನುಗುವವರೆಗೆ ಶುಚಿಗೊಳಿಸುತ್ತಾರೆ. ತಳ ಗಟ್ಟಿಯಾಗಿ ಹೊಳೆಯುತ್ತಿದ್ದರೆ ಅಲ್ಲಲ್ಲಿ ಸಣ್ಣ ರಂಧ್ರ ಕೊರೆಯುತ್ತಾರೆ. ಆ ರಂಧ್ರಗಳ ಮೂಲಕವೇ ಮುಂದೆ ರಕ್ತನಾಳಗಳು ಕಸಿಯೊಳಗೆ ಪ್ರವೇಶಿಸುವುದು.

ಎರಡನೆಯದಾಗಿ, ಅಂಚು ಒಡೆದಿದ್ದರೆ ಅಥವಾ ತಳದಲ್ಲಿ ತೂತು ಬಿದ್ದಿದ್ದರೆ ಲೋಹದ ಜಾಲರಿಯನ್ನು ಸ್ಕ್ರೂಗಳಿಂದ ಬಿಗಿದು ಮುಚ್ಚುತ್ತಾರೆ. ಇದರಿಂದ ಒಡೆದ ಬಟ್ಟಲು ಗುಳಿ ಬಿದ್ದ ಬಟ್ಟಲಾಗಿ ಮಾರ್ಪಡುತ್ತದೆ. ಸುತ್ತ ತಡೆಯಿಲ್ಲದೆ ಬಡಿದರೆ ಚೂರುಗಳು ಹೊರಚೆಲ್ಲುತ್ತವೆಯೇ ಹೊರತು ಗಟ್ಟಿಯಾಗವು.

ಮೂರನೆಯದಾಗಿ, ದಾನಿಯ ಗುಂಡಿನ ಮೇಲಿನ ಮೃದ್ವಸ್ಥಿಯನ್ನು ಪೂರ್ತಿ ಕೆರೆದು ತೆಗೆದು, ಒಳಗಿನ ಜೇನುಹುಟ್ಟಿನಂತಹ ಮೂಳೆಯನ್ನು ಏಳರಿಂದ ಹತ್ತು ಮಿಲಿಮೀಟರ್ ಗಾತ್ರದ ಚೂರುಗಳನ್ನಾಗಿ ಮಾಡುತ್ತಾರೆ. ಈ ಗಾತ್ರಕ್ಕೆ ಮಹತ್ವವಿದೆ. ಬಹಳ ನುಣ್ಣಗಾದರೆ ಒತ್ತಡಕ್ಕೆ ಜಾರುತ್ತದೆ. ಕಾಂಕ್ರೀಟಿಗೆ ಜಲ್ಲಿ ಹೇಗೆ ಬೇಕೋ ಹಾಗೆ ಇಲ್ಲಿ ತುಸು ದಪ್ಪ ಚೂರುಗಳೇ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಚೂರುಗಳನ್ನು ತೊಳೆದು ಕೊಬ್ಬಿನಂಶ ತೆಗೆದರೆ ಅವು ಇನ್ನೂ ಬಿಗಿಯಾಗಿ ಕೂರುತ್ತವೆ.

ನಾಲ್ಕನೆಯದಾಗಿ, ಅರ್ಧಗೋಳಾಕಾರದ ಉಪಕರಣ ಮತ್ತು ಸುತ್ತಿಗೆಯಿಂದ ಚೂರುಗಳನ್ನು ಪದರ ಪದರವಾಗಿ ಬಡಿಯುತ್ತಾರೆ. ಹಳ್ಳಿಯ ಮನೆಗಳಲ್ಲಿ ಮಣ್ಣಿನ ನೆಲಕ್ಕೆ ದಮ್ಮಸು ಹಾಕಿ ಗಟ್ಟಿ ಮಾಡುವುದನ್ನು ಕಂಡವರಿಗೆ ಇದರ ತತ್ತ್ವವನ್ನು ಬೇರೆ ವಿವರಿಸಬೇಕಿಲ್ಲ. ಸಡಿಲವಾಗಿ ಸುರಿದ ಮಣ್ಣು ಕಾಲಿಟ್ಟರೆ ಕುಸಿಯುತ್ತದೆ. ದಮ್ಮಸು ಹಾಕಿದ ನೆಲ ತಲೆಮಾರು ಬಾಳುತ್ತದೆ. ಕೊನೆಗೆ ಈ ಹೊಸ ಹಾಸಿನ ಮೇಲೆ ಸಿಮೆಂಟನ್ನು ಒತ್ತಿ, ಪಾಲಿಎಥಿಲೀನ್ ಬಟ್ಟಲನ್ನು ಸರಿಯಾದ ಕೋನದಲ್ಲಿ ಕೂರಿಸುತ್ತಾರೆ.

ಮುಂದಿನದು ದೇಹದ ಕೆಲಸ. ವಾರಗಳು ಕಳೆದಂತೆ ರಕ್ತನಾಳಗಳು ಚೂರುಗಳ ನಡುವೆ ಹಬ್ಬುತ್ತವೆ. ಒಂದು ಬಗೆಯ ಕೋಶಗಳು ನಿರ್ಜೀವ ಮೂಳೆಯನ್ನು ಕರಗಿಸುತ್ತ ಹೋದರೆ, ಇನ್ನೊಂದು ಬಗೆಯವು ಅದೇ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತ ಬರುತ್ತವೆ. ಬೇರೆ ಕಾರಣಕ್ಕೆ ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳಿಂದ ಪಡೆದ ಮಾದರಿಗಳನ್ನು ನೈಮೇಗನ್ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಸಿಯ ಬಹುಭಾಗ ಜೀವಂತ ಮೂಳೆಯಾಗಿ ಮಾರ್ಪಟ್ಟಿರುವುದನ್ನು ಕಂಡರು. ಅಲ್ಲಿ ೧೯೭೯ರಿಂದ ೧೯೮೬ರ ನಡುವೆ ಮಾಡಿದ ೬೨ ಮರು ಶಸ್ತ್ರಚಿಕಿತ್ಸೆಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಗಮನಿಸಲಾಯಿತು. ಇಪ್ಪತ್ತು ವರ್ಷಗಳ ಹೊತ್ತಿಗೂ ಸುಮಾರು ಮುಕ್ಕಾಲು ಪಾಲು ಬಟ್ಟಲುಗಳು ಬದಲಿಸಬೇಕಾದ ಅಗತ್ಯವಿಲ್ಲದೆ ಉಳಿದಿವೆ ಎಂಬುದು ಆ ಲೆಕ್ಕದ ಸಾರ. ಮರು ಶಸ್ತ್ರಚಿಕಿತ್ಸೆಯ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ. ಇನ್ನೊಂದು ಲಾಭವೂ ಇದೆ. ಮುಂದೆಂದಾದರೂ ಬಟ್ಟಲು ಬದಲಿಸಬೇಕಾದರೆ ಆಗ ಅಲ್ಲಿ ಮೂಳೆ ಇರುತ್ತದೆ. ಇನ್ನೂ ಹಲವು ದಶಕ ಬಾಳಬೇಕಾದ ಕಿರಿಯ ವಯಸ್ಸಿನವರಿಗೆ ಇದು ದೊಡ್ಡ ಆಸ್ತಿ.

ಕಸಿಯೊಂದರಿಂದಲೇ ಆಗದಿದ್ದಾಗ

ಎಲ್ಲ ನಷ್ಟಕ್ಕೂ ಈ ವಿಧಾನ ಸಾಲದು. ಗೋಡೆಗಳೇ ಬಹುವಾಗಿ ಕಳೆದುಹೋದಾಗ ಅಥವಾ ಕಟಿಮೂಳೆ ಎರಡು ಭಾಗವಾದಾಗ ಭಾರ ಹೊರಲು ಲೋಹದ ನೆರವು ಬೇಕು. ಟ್ಯಾಂಟಲಂ ಅಥವಾ ಟೈಟೇನಿಯಂ ಲೋಹದಿಂದ ಮೂಳೆಯಂತೆಯೇ ರಂಧ್ರಮಯವಾಗಿ ರಚಿಸಿದ ಬಟ್ಟಲುಗಳೂ, ಕೊರತೆಯಿರುವಲ್ಲಿ ಬೆಣೆಯಂತೆ ಕೂರುವ ತುಂಡುಗಳೂ ಈಗ ಲಭ್ಯವಿವೆ. ರೋಗಿಯ ಮೂಳೆ ಆ ರಂಧ್ರಗಳೊಳಕ್ಕೆ ಬೆಳೆದು ಹಿಡಿದುಕೊಳ್ಳುತ್ತದೆ. ಮೇಲಿನ ಮತ್ತು ಕೆಳಗಿನ ಮೂಳೆಗಳನ್ನು ಸೇತುವೆಯಂತೆ ಜೋಡಿಸುವ ಲೋಹದ ಪಂಜರಗಳೂ ಇವೆ. ಅನೇಕ ಆಸ್ಪತ್ರೆಗಳಲ್ಲಿ ಇಂದು ಇವುಗಳ ಬಳಕೆಯೇ ಹೆಚ್ಚು. ಚೂರು ಮೂಳೆಯ ಕಸಿಯನ್ನು ಅವುಗಳ ಹಿಂದಿನ ಗುಳಿ ತುಂಬಲು ಬಳಸುತ್ತಾರೆ. ಆದ್ದರಿಂದ ತಮ್ಮ ವೈದ್ಯರು ಬೇರೆ ವಿಧಾನವನ್ನು ಸೂಚಿಸಿದರೆ ಭಕ್ತರು ಸಂಶಯಪಡಬೇಕಿಲ್ಲ. ಯಾವ ಬಗೆಯ ನಷ್ಟ, ಏಕೆ ಈ ವಿಧಾನ ಎಂದು ಕೇಳಿ ತಿಳಿದುಕೊಳ್ಳಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಕೀಲಿನಲ್ಲಿ ಸೋಂಕು ಇದೆಯೇ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷಿಸಲೇಬೇಕು. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎಂಬ ರಕ್ತಪರೀಕ್ಷೆಗಳು, ಅಗತ್ಯವಿದ್ದರೆ ಸೂಜಿಯಿಂದ ಕೀಲಿನ ದ್ರವ ತೆಗೆದು ಮಾಡುವ ಪರೀಕ್ಷೆ ಇದಕ್ಕಾಗಿಯೇ ಇವೆ. ಸೋಂಕಿರುವ ಗುಳಿಯಲ್ಲಿ ತುಂಬಿದ ಮೂಳೆ ಕ್ರಿಮಿಗಳಿಗೆ ಆಹಾರವಾಗುತ್ತದೆ. ಸೋಂಕಿದ್ದರೆ ಅನೇಕ ವೇಳೆ ಮೊದಲು ಅದನ್ನು ನಿವಾರಿಸಿ, ತಿಂಗಳುಗಳ ನಂತರ ಕಸಿ ಮಾಡುತ್ತಾರೆ. ಎರಡು ಬಾರಿ ಶಸ್ತ್ರಚಿಕಿತ್ಸೆ ಏಕೆ ಎಂದು ಬೇಸರಿಸಬಾರದು.

ಭಕ್ತರು ಕೇಳುವ ಕೆಲವು ಪ್ರಶ್ನೆಗಳು

*ಬೇರೆಯವರ ಮೂಳೆಯನ್ನು ನಮ್ಮ ದೇಹ ತಿರಸ್ಕರಿಸುವುದಿಲ್ಲವೇ?*
ಮೂತ್ರಪಿಂಡ ಕಸಿಯಂತೆ ಇಲ್ಲಿ ಜೀವನಪರ್ಯಂತ ಮಾತ್ರೆ ನುಂಗಬೇಕಾಗಿಲ್ಲ. ಶೀತಲೀಕರಿಸಿ ತೊಳೆದ ಮೂಳೆಯಲ್ಲಿ ಜೀವಂತ ಕೋಶಗಳಿಲ್ಲದಿರುವುದರಿಂದ ಅಂತಹ ತೀವ್ರ ತಿರಸ್ಕಾರ ಉಂಟಾಗುವುದಿಲ್ಲ. ಸಾಮಾನ್ಯವಾಗಿ ರಕ್ತದ ಗುಂಪನ್ನೂ ಹೊಂದಿಸುವುದಿಲ್ಲ. ಆದರೆ ಮುಂದೆ ಮಕ್ಕಳಾಗುವ ವಯಸ್ಸಿನ, ಆರ್‌ಎಚ್ ನೆಗೆಟಿವ್ ರಕ್ತದ ಮಹಿಳೆಯರು ಅದನ್ನು ವೈದ್ಯರ ಗಮನಕ್ಕೆ ತರಬೇಕು.

*ದಾನಿಯ ರೋಗ ನಮಗೆ ಬಾರದೇ?*
ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ರೋಗಗಳಿಗಾಗಿ ಪರೀಕ್ಷಿಸುತ್ತಾರೆ. ಜೀವಂತ ದಾನಿಗಳಾದರೆ ಹಲವು ಬ್ಯಾಂಕುಗಳು ಆರು ತಿಂಗಳ ನಂತರ ಮತ್ತೊಮ್ಮೆ ರಕ್ತ ಪರೀಕ್ಷಿಸಿ, ಆ ಬಳಿಕವೇ ಮೂಳೆಯನ್ನು ಬಳಕೆಗೆ ಬಿಡುತ್ತವೆ. ವಿಕಿರಣ ಶುದ್ಧೀಕರಣ ಇನ್ನೊಂದು ಕಾವಲು. ಅಪಾಯ ಸಂಪೂರ್ಣ ಶೂನ್ಯವಲ್ಲ, ಆದರೆ ನೋಂದಾಯಿತ ಬ್ಯಾಂಕಿನ ಮೂಳೆಯಲ್ಲಿ ಅದು ಅತ್ಯಲ್ಪ. ಮೂಳೆ ಎಲ್ಲಿಂದ ಬಂದದ್ದು ಎಂದು ಕೇಳುವ ಹಕ್ಕು ರೋಗಿಗೆ ಇದೆ.

*ಪ್ರಾಣಿಯ ಮೂಳೆಯನ್ನು ಬಳಸುತ್ತಾರೆಯೇ?*
ಶಾಕಾಹಾರಿಗಳಾದ ನಮ್ಮ ಅನೇಕ ಭಕ್ತರನ್ನು ಕಾಡುವ ಪ್ರಶ್ನೆ ಇದು. ಮಾರುಕಟ್ಟೆಯಲ್ಲಿ ಸಿಗುವ ಕೆಲವು ಕಸಿ ಪದಾರ್ಥಗಳು ದನದ ಮೂಳೆಯಿಂದ ತಯಾರಾದವು. ಆದರೆ ಈ ಶಸ್ತ್ರಚಿಕಿತ್ಸೆಗೆ ಅವು ಅನಿವಾರ್ಯವಲ್ಲ. ಮನುಷ್ಯ ಮೂಳೆಯಲ್ಲದೆ, ಕ್ಯಾಲ್ಸಿಯಂ ಫಾಸ್ಫೇಟಿನಿಂದ ಕೃತಕವಾಗಿ ತಯಾರಿಸಿದ ಹರಳುಗಳೂ ಲಭ್ಯವಿವೆ. ತಮ್ಮ ಮನಸ್ಸಿಗೆ ಒಪ್ಪದ್ದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನವೇ ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ಸಂಕೋಚಪಡುವ ಅಗತ್ಯವಿಲ್ಲ.

*ಮೈಮೇಲಿನ ಇಷ್ಟಲಿಂಗವನ್ನು ಏನು ಮಾಡಬೇಕು? ಪೂಜೆ ಹೇಗೆ?*
ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಲೋಹದ ಒಡವೆ, ದಾರಗಳಿಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಕರಡಿಗೆಯ ವಿಷಯವನ್ನು ಹಿಂದಿನ ದಿನವೇ ಅರಿವಳಿಕೆ ವೈದ್ಯರೊಂದಿಗೆ ಮಾತನಾಡಿ, ಮನೆಯ ಹಿರಿಯರ ವಶಕ್ಕೆ ಕೊಡುವ ವ್ಯವಸ್ಥೆ ಮಾಡಿಕೊಂಡರೆ ಕೊನೆಯ ಗಳಿಗೆಯ ಗೊಂದಲವಿರುವುದಿಲ್ಲ. ಚಿಕಿತ್ಸೆಯ ನಂತರ ನೆಲದ ಮೇಲೆ ಪದ್ಮಾಸನ ಹಾಕಿ ಕೂರುವಂತಿಲ್ಲ. ಇಷ್ಟಲಿಂಗ ಪೂಜೆ ಅಂಗೈಯಲ್ಲಿ ನಡೆಯುವುದರಿಂದ ತುಸು ಎತ್ತರದ ಕುರ್ಚಿಯಲ್ಲಿ ಕುಳಿತು, ಮುಂದೆ ಮೇಜಿರಿಸಿಕೊಂಡು ನೆಮ್ಮದಿಯಾಗಿ ನೆರವೇರಿಸಬಹುದು. ಮಠಕ್ಕೆ ಬಂದಾಗ ದೀರ್ಘದಂಡ ನಮಸ್ಕಾರದ ಬದಲು ನಿಂತೇ ಕೈ ಮುಗಿದರೆ ಸಾಕು. ದಾಸೋಹದಲ್ಲಿಯೂ ನೆಲದ ಪಂಕ್ತಿಗೆ ಕೂರದೆ ಮೇಜಿನ ಬಳಿ ಪ್ರಸಾದ ಸ್ವೀಕರಿಸಬೇಕು.

ರೋಗಿಯ ಪಾಲಿನ ಕಾಯಕ

ಕಸಿ ಜೀವ ತುಂಬಿಕೊಳ್ಳುವವರೆಗೆ ಅದು ಎಳೆಯ ಸಸಿ. ಸಾಮಾನ್ಯವಾಗಿ ಆರು ವಾರದಿಂದ ಮೂರು ತಿಂಗಳವರೆಗೆ ಊರುಗೋಲು ಅಥವಾ ವಾಕರ್ ಹಿಡಿದು, ವೈದ್ಯರು ಹೇಳಿದಷ್ಟೇ ಭಾರವನ್ನು ಕಾಲಿನ ಮೇಲೆ ಹಾಕಬೇಕು. ನೋವಿಲ್ಲವೆಂದು ಮೊದಲೇ ಊರುಗೋಲು ಬಿಸಾಡುವುದರಿಂದ ಬಡಿದು ಕೂರಿಸಿದ ಪದರ ಕುಸಿಯಬಹುದು. ನಮ್ಮ ಹಿರಿಯರಲ್ಲಿ, ವಿಶೇಷವಾಗಿ ಒಕ್ಕಲುತನದವರಲ್ಲಿ, ಸುಮ್ಮನೆ ಕೂರುವುದು ಅಪರಾಧವೆಂಬ ಭಾವನೆಯಿದೆ. ಈ ಮೂರು ತಿಂಗಳು ಸಂಯಮದಿಂದಿರುವುದೇ ಅವರ ಕಾಯಕ ಎಂದು ಮನೆಯವರು ತಿಳಿಹೇಳಬೇಕು.

ನೆಲದ ಮೇಲೆ ಕೂರುವುದು, ಕುಕ್ಕರಗಾಲಿನಲ್ಲಿ ಕೂರುವುದು, ಕಾಲಿನ ಮೇಲೆ ಕಾಲು ಹಾಕುವುದು ಕೂಡದು. ಶೌಚಕ್ಕೆ ಕಮೋಡ್ ಬೇಕು; ಆಸ್ಪತ್ರೆಗೆ ಹೋಗುವ ಮೊದಲೇ ಮನೆಯಲ್ಲಿ ಅದನ್ನು ಸಿದ್ಧಪಡಿಸಿಕೊಳ್ಳಬೇಕು. ಬೀಡಿ, ಸಿಗರೇಟು, ತಂಬಾಕನ್ನು ಪೂರ್ತಿ ಬಿಡಬೇಕು. ತಂಬಾಕು ರಕ್ತನಾಳಗಳನ್ನು ಕುಗ್ಗಿಸಿ ಕಸಿಯ ಬೇರನ್ನೇ ಒಣಗಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಹಾಲು, ಮೊಸರು, ರಾಗಿ, ಬೇಳೆಕಾಳು ಊಟದಲ್ಲಿರಲಿ. ವಿಟಮಿನ್ ಡಿ ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ಸರಿಪಡಿಸಿಕೊಳ್ಳಬೇಕು. ಖರ್ಚಿನ ವಿಷಯದಲ್ಲಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ತಮಗೆ ಯಾವ ನೆರವು ದೊರೆಯುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮುಂಚಿತವಾಗಿ ವಿಚಾರಿಸುವುದು ಒಳಿತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಕೀಲು ಬದಲಿಸಿಕೊಂಡವರೆಲ್ಲರೂ, ನೋವಿರಲಿ ಇಲ್ಲದಿರಲಿ, ವೈದ್ಯರು ತಿಳಿಸಿದ ಅವಧಿಗೆ ಸರಿಯಾಗಿ ಎಕ್ಸ್‌ರೇ ತೆಗೆಸಿಕೊಳ್ಳಬೇಕು. ಹತ್ತು ವರ್ಷ ಕಳೆದವರು ಇದನ್ನು ಮರೆಯಲೇಬಾರದು. ತೊಡೆಸಂದಿನಲ್ಲಿ ನೋವು, ಎದ್ದು ಮೊದಲ ಹೆಜ್ಜೆ ಇಡುವಾಗ ಚುಚ್ಚುವುದು, ಕಾಲು ಗಿಡ್ಡವಾದಂತೆ ಅನಿಸುವುದು, ಹೊಸದಾಗಿ ಕುಂಟು ಬರುವುದು ಇವು ಬಟ್ಟಲು ಸಡಿಲಗೊಂಡ ಸೂಚನೆಗಳು. ಜ್ವರ, ಗಾಯದಲ್ಲಿ ಕೀವು ಕಂಡರೆ ಒಂದು ದಿನವೂ ತಡಮಾಡಬಾರದು. ಹಳೆಯ ಎಕ್ಸ್‌ರೇಗಳನ್ನೂ ಅಳವಡಿಸಿದ ಕೀಲಿನ ವಿವರವಿರುವ ಚೀಟಿಯನ್ನೂ ಜೋಪಾನವಾಗಿಡಬೇಕು. ಮರು ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ಆ ಚೀಟಿ ದಾರಿದೀಪ.

ಗುಂಡಿನ ದಾಸೋಹ

ಕೊನೆಯದಾಗಿ ಒಂದು ವಿನಂತಿ. ಮೊದಲ ಬಾರಿ ಕೀಲು ಬದಲಿಸಿಕೊಳ್ಳುವವರ ತೊಡೆಮೂಳೆಯ ಗುಂಡು ಬಹುತೇಕ ಆಸ್ಪತ್ರೆಗಳಲ್ಲಿ ತ್ಯಾಜ್ಯವಾಗಿ ಹೋಗುತ್ತದೆ. ಅದೇ ಗುಂಡು ಇನ್ನೊಬ್ಬರ ಬಟ್ಟಲನ್ನು ತುಂಬಬಲ್ಲದು. ನಮ್ಮ ದೇಶದಲ್ಲಿ ೧೯೯೪ರ ಅಂಗ ಕಸಿ ಕಾಯಿದೆಗೆ ೨೦೧೧ರಲ್ಲಿ ತಿದ್ದುಪಡಿ ತಂದು ಮೂಳೆಯೂ ಸೇರಿದಂತೆ ಅಂಗಾಂಶಗಳನ್ನು ಅದರ ವ್ಯಾಪ್ತಿಗೆ ತರಲಾಗಿದೆ. ತಾವು ಚಿಕಿತ್ಸೆ ಪಡೆಯುವ ಆಸ್ಪತ್ರೆಗೆ ನೋಂದಾಯಿತ ಅಂಗಾಂಶ ಬ್ಯಾಂಕಿನ ಸಂಪರ್ಕವಿದೆಯೇ ಎಂದು ವಿಚಾರಿಸಿ. ಇದ್ದರೆ ಒಂದು ಒಪ್ಪಿಗೆಯ ಸಹಿ ಮತ್ತು ರಕ್ತಪರೀಕ್ಷೆಯಷ್ಟೇ ಬೇಕಾದದ್ದು; ಇದಕ್ಕಾಗಿ ಬೇರೆ ಶಸ್ತ್ರಚಿಕಿತ್ಸೆಯಿಲ್ಲ, ಬೇರೆ ನೋವಿಲ್ಲ.

ಮರಣಾನಂತರ ಮೂಳೆ ದಾನ ಮಾಡಿದರೆ ಕ್ರಿಯಾಸಮಾಧಿಗೆ ಅಡ್ಡಿಯಾದೀತೇ ಎಂದು ಕೆಲವರು ಅಳುಕುತ್ತಾರೆ. ಮೂಳೆ ಪಡೆದ ನಂತರ ಅಂಗದ ಆಕಾರವನ್ನು ಮರಳಿ ರೂಪಿಸಿ, ಹೊಲಿಗೆ ಹಾಕಿ, ದೇಹವನ್ನು ಗೌರವದಿಂದ ಕುಟುಂಬಕ್ಕೆ ಒಪ್ಪಿಸುವುದು ಕ್ರಮ. ಕುಟುಂಬದ ಸಂಪ್ರದಾಯವನ್ನು ಮೊದಲೇ ತಿಳಿಸಿದರೆ ತಂಡದವರು ಅದಕ್ಕೆ ತಕ್ಕಂತೆ ನಡೆದುಕೊಳ್ಳಲು ಅನುಕೂಲ. ಅಂಗದಾನದ ಬಗ್ಗೆ ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಮಾಹಿತಿ ನೀಡುತ್ತದೆ.

ಅನ್ನದ ದಾಸೋಹ, ಅಕ್ಷರದ ದಾಸೋಹ ನಮ್ಮ ಮಠಗಳಿಗೆ ಹೊಸದಲ್ಲ. ಕತ್ತರಿಸಿ ಎಸೆಯುವ ಒಂದು ಹಿಡಿ ಮೂಳೆ ಅಪರಿಚಿತರೊಬ್ಬರನ್ನು ಮತ್ತೆ ನಡೆಸುವುದಾದರೆ ಅದೂ ದಾಸೋಹವೇ. ಕೀಲು ಬದಲಿಸಿಕೊಂಡವರು ಈ ತಿಂಗಳೇ ತಮ್ಮ ಕೊನೆಯ ಎಕ್ಸ್‌ರೇಯ ದಿನಾಂಕವನ್ನು ನೋಡಿಕೊಳ್ಳಲಿ. ಬದಲಿಸಿಕೊಳ್ಳಲಿರುವವರು ದಾನದ ಮಾತನ್ನು ವೈದ್ಯರ ಮುಂದೆ ಎತ್ತಲಿ. ಎಲ್ಲರಿಗೂ ಆರೋಗ್ಯ ಲಭಿಸಲಿ. ಶರಣು ಶರಣಾರ್ಥಿಗಳು.